ಭಾರ ಎತ್ತಬೇಡಿ, ಅಂದ್ರೆ ಎಲ್ಲೀತನಕ?

"ಭಾರ ಎತ್ತಬೇಡಿ."

ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಮನೆಗೆ ಬಂದವರಿಗೆಲ್ಲ ಈ ಎರಡು ಪದ ಬಾಯಿಪಾಠ ಇರತ್ತೆ. ಆ ಕಡೆ ಕೈಗೆ ಇಂಜೆಕ್ಷನ್ ಬೇಡ, ಬಿ.ಪಿ. ನೋಡಿಸೋದು ಬೇಡ, ಬಿಗಿ ಬಳೆ ಬೇಡ, ಭಾರ ಬೇಡ... ಡಿಸ್ಚಾರ್ಜ್ ದಿನ ಹೇಳಿದ ಅಷ್ಟೂ 'ಬೇಡ'ಗಳನ್ನು ಅಮ್ಮ ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಳು. ಮಾತ್ರೆಗೆ ಕೊನೇ ದಿನ ಇತ್ತು. ಡ್ರೆಸಿಂಗಿಗೆ ಇತ್ತು. ಕೀಮೋಗೂ ಇತ್ತು. ಈ 'ಭಾರ ಬೇಡ'ಕ್ಕೆ ಮಾತ್ರ ಕೊನೇ ದಿನ ಅಂತ ಯಾರೂ ಹೇಳಿರಲಿಲ್ಲ.

ನನಗೆ ಆಪರೇಷನ್ ಆಗಿದ್ದು 2023ರ ಜುಲೈನಲ್ಲಿ. ಎಡಗಡೆಯ ಸ್ತನದ ಜೊತೆ ಕಂಕುಳಿನ ಲಿಂಫ್ ನೋಡುಗಳನ್ನೂ ತೆಗೆದರು. ಕೈಯಿಂದ ವಾಪಸ್ ಹರಿದು ಬರೋ ನೀರಿನಂಥ ದ್ರವವನ್ನು ಸೋಸಿ ಮುಂದೆ ಕಳಿಸೋದು ಈ ಪುಟ್ಟ ಗಂಟುಗಳ ಕೆಲಸ. ಅವು ಹೋದರೆ, ಗದ್ದೆಯ ತೂಬು ಕಟ್ಟಿಕೊಂಡ ಹಾಗೆ, ಕೆಲವರ ಕೈಯಲ್ಲಿ ದ್ರವ ನಿಂತು ಊದಿಕೊಳ್ಳತ್ತೆ. ಲಿಂಫೆಡಿಮಾ ಅಂತಾರೆ. ಒಮ್ಮೆ ಬಂದರೆ ಪೂರ್ತಿ ಹೋಗೋದು ಕಷ್ಟ. ಆದ್ದರಿಂದ ಆ ಹೆದರಿಕೆ ಸುಳ್ಳಲ್ಲ.

ಮೊದಲೆರಡು ತಿಂಗಳು ಅಮ್ಮ ನೀರಿನ ಲೋಟ ಎತ್ತೋದಕ್ಕೂ ಬಿಡಲಿಲ್ಲ. "ಇಡೇ ಅದನ್ನ, ನಾನಿಲ್ವಾ?" ಎಪ್ಪತ್ತಾರು ವರ್ಷದ ಅಮ್ಮ ಐವತ್ತೆರಡರ ಮಗಳಿಗೆ ಅಂದಿದ್ದು :-)

ಆಮೇಲೆ ಏನಾಯ್ತು ಗೊತ್ತಾ? ಅಡುಗೆಮನೆ ಮೆಲ್ಲಗೆ ನನ್ನ ಕೈಗೇ ವಾಪಸ್ ಬಂತು. ಯಾರೂ 'ಇವತ್ತಿಂದ ಎತ್ತಬಹುದು' ಅಂತ ಅನುಮತಿ ಕೊಡಲಿಲ್ಲ. ಮೊದಲು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು. ಆಮೇಲೆ ಅನ್ನದ ಕುಕ್ಕರ್. ಆಮೇಲೆ ಒದ್ದೆ ಬಟ್ಟೆಯ ಬಕೆಟ್ಟು. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಮಾತ್ರ ಇವರು ಎತ್ತಿ ಇಡ್ತಿದ್ದರು. ಇದ್ಯಾವುದನ್ನೂ ಯಾರೂ 'ಭಾರ' ಅಂತ ಲೆಕ್ಕ ಹಿಡೀಲಿಲ್ಲ. ಆದರೆ ನಾನು "ಜಿಮ್ಮಿಗೆ ಹೋಗ್ತೀನಿ" ಅಂದ ದಿನ ಮನೆಯಲ್ಲಿ ಎಲ್ಲರೂ ಗಾಬರಿ! ಬಕೆಟ್ಟಿಗೆ ಇಲ್ಲದ ಅಪಾಯ ಡಂಬೆಲ್ಲಿಗೆ ಹೇಗೆ ಬಂತೋ...

ಆಪರೇಷನ್‌ಗೆ ಮುಂಚೆ ಐದು ವರ್ಷ ನಮ್ಮ ಬಡಾವಣೆಯ ಜಿಮ್ಮಿಗೆ ಹೋಗ್ತಿದ್ದೆ. ನೆಲದಿಂದ ನಲವತ್ತು ಕೆ.ಜಿ. ಎತ್ತುತ್ತಿದ್ದೆ. ಯಾರಿಗೂ ತೋರಿಸೋಕಲ್ಲ, ನನಗೆ ಅದು ಇಷ್ಟ, ಅಷ್ಟೆ. ಕೀಮೋ, ರೇಡಿಯೇಷನ್ ಎಲ್ಲ ಮುಗಿದದ್ದು 2024ರ ಫೆಬ್ರವರಿಗೆ. ಅಷ್ಟು ಹೊತ್ತಿಗೆ ಎಡಗೈ ಕಿವಿಯ ಮಟ್ಟಕ್ಕಿಂತ ಮೇಲೆ ಹೋಗ್ತಿರಲಿಲ್ಲ. ತಲೆ ಬಾಚೋಕೂ ಕಷ್ಟ (ಬಾಚೋಕೆ ಕೂದಲೂ ಇರಲಿಲ್ಲ ಬಿಡಿ). ಕಂಕುಳಿಂದ ಮೊಣಕೈ ತನಕ ಒಳಗೆ ದಾರ ಎಳೆದು ಕಟ್ಟಿದ ಹಾಗೆ ಬಿಗಿ. ಫಿಸಿಯೋ ಹುಡುಗಿ ಗೋಡೆ ಮೇಲೆ ಬೆರಳುಗಳನ್ನು ಇರುವೆ ಹಾಗೆ ಹತ್ತಿಸೋದು ಹೇಳಿಕೊಟ್ಟಳು. ಹೋದಷ್ಟು ಎತ್ತರಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಖು ಬರೆದೆ. ಮಕ್ಕಳ ಎತ್ತರ ಗುರುತು ಹಾಕ್ತೀವಲ್ಲ, ಹಾಗೆ. ಆ ಗೆರೆಗಳು ಇನ್ನೂ ಗೋಡೆ ಮೇಲಿವೆ.

ಏಪ್ರಿಲ್‌ನ ಚೆಕಪ್ಪಿನಲ್ಲಿ ಡಾಕ್ಟರನ್ನು ನೇರವಾಗಿ ಕೇಳಿದೆ, "ಎಷ್ಟು ದಿನ ಎತ್ತಬಾರದು ಸರ್?" ಅವರು ಕೈ ಅಳೆದು, ಹೊಲಿಗೆ ನೋಡಿ, "ಎತ್ತಬಹುದು. ಎತ್ತಬೇಕು ಕೂಡ. ಒಂದೇ ಸಲ ಬೇಡ ಅಷ್ಟೆ" ಅಂದರು. ನಾನು ನುಂಗೋ ಲೆಟ್ರೊಜೋಲ್ ಮಾತ್ರೆ ಮೂಳೆಯನ್ನು ಸವೆಸತ್ತೆ, ಮೂಳೆಗೆ ಭಾರದ ಕೆಲಸ ಒಳ್ಳೆಯದು ಅಂತಲೂ ಹೇಳಿದರು.

ಇದು ಹೊಸ ವಿಷಯವೂ ಅಲ್ಲ. ಅಮೆರಿಕದಲ್ಲಿ ಕ್ಯಾಥರಿನ್ ಶ್ಮಿಟ್ಜ್ ಮತ್ತು ಅವರ ತಂಡ ಆಗಲೇ ಲಿಂಫೆಡಿಮಾ ಇದ್ದ 141 ಹೆಂಗಸರ ಮೇಲೆ ಮಾಡಿದ ಅಧ್ಯಯನ 2009ರಲ್ಲೇ ಪ್ರಕಟವಾಗಿದೆ. ಅರ್ಧದಷ್ಟು ಜನ ವಾರಕ್ಕೆ ಎರಡು ದಿನ ವೆಯ್ಟ್ ಎತ್ತಿದರು, ಕೈಗೆ ಬಿಗಿಯಾದ ಸ್ಲೀವ್ ಹಾಕಿಕೊಂಡು, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ. ವರ್ಷದ ಕೊನೆಗೆ ಎತ್ತಿದವರ ಊತ ಎತ್ತದವರಿಗಿಂತ ಜಾಸ್ತಿ ಆಗಿರಲಿಲ್ಲ. ಊತ ಕೆರಳಿದ್ದು ಎತ್ತಿದವರಲ್ಲಿ ನೂರಕ್ಕೆ 14 ಜನಕ್ಕೆ, ಎತ್ತದವರಲ್ಲಿ 29 ಜನಕ್ಕೆ! ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಅವರು ಅಮೆರಿಕದವರು ಕಣೇ, ಗಟ್ಟಿ ಇರ್ತಾರೆ" ಅಂದಳು. ಅಮ್ಮನ ಹತ್ರ ಯಾವ ಅಂಕಿಅಂಶ ನಡೆಯತ್ತೆ ಹೇಳಿ?

ಮೇ ತಿಂಗಳಲ್ಲಿ ಜಿಮ್ಮಿಗೆ ಹೋದೆ. ಜಿಮ್ಮಿನಲ್ಲಿ ನಾಲ್ಕೂ ಕಡೆ ಕನ್ನಡಿ. ಟೀ ಶರ್ಟಿನ ಎಡಭಾಗ ಚಪ್ಪಟೆ. ಟ್ರೇನರ್ ಹುಡುಗನಿಗೆ ಎಲ್ಲಿ ನೋಡಬೇಕು ಅಂತ ತಿಳೀದೆ ನೆಲ ನೋಡ್ತಿದ್ದ. ಪಾಪ, ಇಪ್ಪತ್ತೈದು ವರ್ಷ ಇರಬಹುದು. ನಾನೇ ಹೇಳಿದೆ, ಇಂಥದ್ದು ಆಗಿದೆ, ಈ ಕಡೆ ಇಲ್ಲ, ಈ ಕೈಗೆ ಹುಷಾರಾಗಿರಬೇಕು ಅಂತ. "ಸರಿ ಮೇಡಂ" ಅಂದು ಒಂದು ಕೆ.ಜಿ.ಯ ಡಂಬೆಲ್ ತಂದುಕೊಟ್ಟ. ಗುಲಾಬಿ ಬಣ್ಣದ್ದು. ನಗು ಬಂತು.

ಒಂದು ಕೆ.ಜಿ. ಎತ್ತಿದ್ದಕ್ಕೆ ಕೈ ನಡುಗಿತು. ನಲವತ್ತು ಎತ್ತುತ್ತಿದ್ದ ಹೆಂಗಸು ನಾನು. ಅವತ್ತು ಮನೆಗೆ ಬಂದು ಬಚ್ಚಲಲ್ಲಿ ಅತ್ತಿದ್ದನ್ನು ಯಾರಿಗೂ ಹೇಳಿಲ್ಲ, ಈಗ ನಿಮಗೆ ಹೇಳ್ತಿದ್ದೀನಿ.

ಆದರೂ ವಾರಕ್ಕೆರಡು ದಿನ ಬಿಡಲಿಲ್ಲ. ಪ್ರತೀ ಭಾನುವಾರ ಟೈಲರ್ ಟೇಪಿನಿಂದ ಎರಡೂ ಕೈ ಅಳೆದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡ್ತಿದ್ದೆ. ನಾಲ್ಕು ಕೆ.ಜಿ.ಗೆ ಬಂದ ವಾರ ಎಡಗೈ ಭಾರ ಅನ್ನಿಸಿ ಉಂಗುರ ಬಿಗಿಯಾಯ್ತು, ಟೇಪೂ ಅರ್ಧ ಸೆಂಟಿಮೀಟರ್ ಜಾಸ್ತಿ ತೋರಿಸ್ತು. ಆ ರಾತ್ರಿ ನಿದ್ದೆ ಇಲ್ಲ. ಡಾಕ್ಟರಿಗೆ ತೋರಿಸಿ, ಎರಡು ವಾರ ಎರಡು ಕೆ.ಜಿ.ಗೆ ಇಳಿದೆ. ಅಳತೆ ಹಳೇ ಜಾಗಕ್ಕೆ ಬಂತು. ಮತ್ತೆ ಹತ್ತಿದೆ.

ಒಂದು ದಿನ ಬೆಂಚಿನ ಮೇಲೆ ಮಲಗಿ ಎರಡು ಡಂಬೆಲ್ ಎದೆಯಿಂದ ಮೇಲಕ್ಕೆ ತಳ್ಳುವಾಗ, ಆಪರೇಷನ್ ಗಾಯದ ಗೆರೆಯ ಕೆಳಗೆ ಏನೋ ಗಟ್ಟಿಯಾಗಿ ಸೆಟೆದುಕೊಂಡಿತು. ಎದೆಯ ಸ್ನಾಯು! ನೂರು ವರ್ಷದ ಹಿಂದಿನ ಆಪರೇಷನ್‌ಗಳಲ್ಲಿ ಆ ಸ್ನಾಯುವನ್ನೂ ಕತ್ತರಿಸಿ ತೆಗೀತಿದ್ದರಂತೆ. ಈಗ ಸಾಮಾನ್ಯವಾಗಿ ಉಳಿಸ್ತಾರೆ. ಅಷ್ಟು ದಿನ ಆ ಜಾಗವನ್ನು 'ಇಲ್ಲದ್ದು' ಅಂತಲೇ ಅಂದುಕೊಂಡಿದ್ದೆ. ಅಲ್ಲಿ ನನ್ನದೊಂದು ಇತ್ತು, ಸುಮ್ಮನೆ ಕೆಲಸ ಮಾಡ್ತಿತ್ತು.

ಸದ್ಯಕ್ಕೆ ನೆಲದಿಂದ ಮೂವತ್ತು ಕೆ.ಜಿ. ಎತ್ತುತ್ತೀನಿ. ನಲವತ್ತಕ್ಕೆ ಮತ್ತೆ ಹೋಗ್ತೀನೋ ಇಲ್ವೋ, ಅವಸರ ಇಲ್ಲ.

ನಿಮ್ಮ ಮನೆಯಲ್ಲಿ ಅಕ್ಕನೋ ಅಮ್ಮನೋ ಅತ್ತೆಯೋ ಇಂಥ ಆಪರೇಷನ್ ಆಗಿ ಬಂದಿದ್ದರೆ, ನನ್ನನ್ನು ನೋಡಿ ನಾಳೆಯೇ ಡಂಬೆಲ್ ತರಬೇಡಿ. ಒಬ್ಬೊಬ್ಬರ ಕೈ ಒಂದೊಂದು ಥರ. ಆದರೆ ಮುಂದಿನ ಚೆಕಪ್ಪಿನಲ್ಲಿ ಎರಡು ಪ್ರಶ್ನೆ ಮಾತ್ರ ಕೇಳಿ: ಯಾವತ್ತಿನಿಂದ ಎತ್ತಬಹುದು? ಎಷ್ಟರಿಂದ ಶುರು ಮಾಡಬೇಕು? ಉತ್ತರ ಬರೋ ತನಕ ಆ ಒದ್ದೆ ಬಟ್ಟೆಯ ಬಕೆಟ್ಟನ್ನು ಅವರ ಕೈಯಿಂದ ಇಸ್ಕೊಳ್ಳಿ.