ಅಜ್ಜನ ಫೋಟೋ ಬರಲಿಲ್ಲ



ಶಾಲಾ ವಾರ್ಷಿಕೋತ್ಸವದ ದಿನ ಕಂಪ್ಯೂಟರ್ ಕೋಣೆಯಲ್ಲಿ ‘ನಮ್ಮ ಜಿಲ್ಲೆ’ ಅಂತ ಫೋಟೋ ತೋರಿಸಿದ್ದೆನಲ್ಲ, ನೀವೆಲ್ಲ ನೋಡಿ ಚಪ್ಪಾಳೆ ತಟ್ಟಿದಿರಿ. ಆದರೆ ಅದರಲ್ಲಿ ಒಂದು ಫೋಟೋ ಬರಲೇ ಇಲ್ಲ. ಅದು ನನಗೂ ನಮ್ಮ ಅಜ್ಜಿಗೂ ಮಾತ್ರ ಗೊತ್ತು.

ಆ ಸ್ಕ್ರಿಪ್ಟ್ ಬರೆದದ್ದು ದಸರಾ ರಜೆಯಲ್ಲಿ, ಶಿವಮೊಗ್ಗದ ದೊಡ್ಡಪ್ಪನ ಮನೆಯಲ್ಲಿ. ಡಿಪ್ಲೊಮಾ ಓದುವ ಅಣ್ಣ ಪೈಥಾನ್ ಹೇಳಿಕೊಟ್ಟ. ಶಿವಪ್ಪ ನಾಯಕನ ಅರಮನೆ, ತುಂಗೆ ಭದ್ರೆ ಸೇರುವ ಕೂಡ್ಲಿ, ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನ, ಕಬ್ಬಿಣದ ಕಾರ್ಖಾನೆ ಹೀಗೆ ನಾಲ್ಕು ಫೋಟೋ. ಕೀಲಿ ಒತ್ತಿದರೆ ಮುಂದಿನದು ಬರಬೇಕು. ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ, ಅಲ್ಲಿ ಎಲ್ಲಾ ಸರಿಯಾಗಿ ಬಂತು.

ಶಾಲೆಗೆ ತಂದರೆ ಶುರುವಾಯ್ತು ತಾಪತ್ರಯ. ‘ನೋ ಸಚ್ ಫೈಲ್’ ಅಂತು. ಫೈಲ್ ಕಣ್ಣೆದುರಿಗೇ ಇದೆ! ನಾನು ಬರೀ ಫೈಲಿನ ಹೆಸರು ಬರೆದಿದ್ದೆ. ಹಾಗೆ ಬರೆದರೆ ಪೈಥಾನ್ ಹುಡುಕುವುದು ಸ್ಕ್ರಿಪ್ಟ್ ಇರುವ ಫೋಲ್ಡರಿನಲ್ಲಿ ಅಲ್ಲ, ನಾವು ಯಾವ ಫೋಲ್ಡರಿನಿಂದ ಓಡಿಸುತ್ತೇವೋ ಅಲ್ಲಿ. ಸ್ಕ್ರಿಪ್ಟ್ ಇರುವ ಫೋಲ್ಡರಿನ ದಾರಿಯನ್ನು ಹೆಸರಿನ ಮುಂದೆ ಸೇರಿಸಿದೆ, ಮೂರು ಫೋಟೋ ಬಂದವು. ಕೂಡ್ಲಿ ಮಾತ್ರ ಇಲ್ಲ. ಕ್ಯಾಮೆರಾ ಕೊಟ್ಟ ಹೆಸರಿನ ಕೊನೆಯಲ್ಲಿ ‘ಜೆಪಿಜಿ’ ದೊಡ್ಡಕ್ಷರದಲ್ಲಿತ್ತು, ನಾನು ಬರೆದದ್ದು ಚಿಕ್ಕಕ್ಷರ. ವಿಂಡೋಸ್ ಇದನ್ನು ಮನ್ನಿಸುತ್ತದೆ, ಶಾಲೆಯ ಉಬುಂಟು ಮನ್ನಿಸುವುದಿಲ್ಲ. ಅದಕ್ಕೆ ಅವೆರಡೂ ಬೇರೆ ಬೇರೆ ಹೆಸರು.

ಇದನ್ನು ಹುಡುಕಲು ಎರಡು ದಿನ ಹೋಯ್ತು. ನನಗೆ ಹೆದರಿಕೆಯಾಯಿತು, ಎಲ್ಲರ ಮುಂದೆ ಹೀಗೆ ನಿಂತುಹೋದರೆ? ಅದಕ್ಕೆ ಒಂದು ಜಾಣತನ ಮಾಡಿದೆ. ‘ಟ್ರೈ’ ಹಾಕಿ, ಕೆಳಗೆ ‘ಎಕ್ಸೆಪ್ಟ್, ಪಾಸ್’ ಅಂತ ಬರೆದೆ. ಅಂದರೆ ಯಾವುದಾದರೂ ಫೋಟೋ ತೆರೆಯದಿದ್ದರೆ ಏನೂ ಹೇಳಬೇಡ, ಸುಮ್ಮನೆ ಮುಂದಿನದಕ್ಕೆ ಹೋಗು ಅಂತ.

ಅಜ್ಜನ ಫೋಟೋ ಬಂದದ್ದು ಹಿಂದಿನ ದಿನ ಸಾಯಂಕಾಲ. ನಮ್ಮ ಅಜ್ಜ ಆ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದವರು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಆದ ಕಾರ್ಖಾನೆ ಅದು. 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿತು. ಅದಿರು ಕೆಮ್ಮಣ್ಣುಗುಂಡಿಯದು, ಆಗೆಲ್ಲ ಉರಿಸುತ್ತಿದ್ದದ್ದು ನಮ್ಮ ಕಾಡಿನ ಮರದ ಇದ್ದಿಲು. (ಭದ್ರಾವತಿಗೆ ಬೆಂಕಿಪುರ ಅನ್ನೋ ಹೆಸರು ಕುಲುಮೆಯಿಂದ ಬಂತು ಅಂದುಕೊಂಡಿದ್ದೆ. ಅಲ್ಲ, ಅದು ಕಾರ್ಖಾನೆಗಿಂತ ಹಳೇ ಹೆಸರು.) ಗೇಟಿನ ಮುಂದೆ ಅಜ್ಜ ನಿಂತ ಫೋಟೋ ಇರುವುದು ಒಂದೇ, ಅದು ಬೆಂಗಳೂರಿನ ಚಿಕ್ಕಪ್ಪನ ಹತ್ತಿರ. ಅವರು ಐಫೋನಿನಲ್ಲಿ ಅದರ ಫೋಟೋ ತೆಗೆದು ಇ-ಮೇಲ್ ಮಾಡಿದರು. ಹೆಸರಿನ ಕೊನೆಯಲ್ಲಿ ‘ಹೆಚ್‌ಇಐಸಿ’ ಅಂತಿತ್ತು. ನಾನು ಅದನ್ನು ಅಳಿಸಿ ‘ಜೆಪಿಜಿ’ ಮಾಡಿ ಪಟ್ಟಿಗೆ ಸೇರಿಸಿದೆ. ಓಡಿಸಿ ನೋಡಲಿಲ್ಲ. ಹೊತ್ತಾಗಿತ್ತು, ಕೋಣೆಗೆ ಬೀಗ ಹಾಕುತ್ತಿದ್ದರು.

ಮರುದಿನ ಅಜ್ಜಿ ಮಂಡಿ ನೋವಿದ್ದರೂ ನಡೆದುಕೊಂಡೇ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಅರಮನೆ ಬಂತು, ಕೂಡ್ಲಿ ಬಂತು, ದೇವಸ್ಥಾನ ಬಂತು, ಕಾರ್ಖಾನೆ ಬಂತು. ಆಮೇಲೆ ಮತ್ತೆ ಅರಮನೆ! ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಮೆಲ್ಲಗೆ, “ನಿಮ್ಮಜ್ಜಂದು ಬರ್ಲೇ ಇಲ್ವಲ್ಲೇ ಪುಟ್ಟಿ” ಅಂದರು. ನಾನು ಕರೆಂಟಿನ ಮೇಲೆ ಹಾಕಿ ಏನೋ ಸುಳ್ಳು ಹೇಳಿದೆ.

ಭಾನುವಾರ ಅಣ್ಣ ಭದ್ರಾವತಿ ಬಸ್ಸಿಗೆ ಬಂದು, ಅಲ್ಲಿಂದ ನಮ್ಮೂರಿಗೆ ಬಂದ. ಮೊದಲು ನೋಡಿದ್ದು ಆ ‘ಪಾಸ್’. “ಕಂಪ್ಯೂಟರ್ ಬಾಯಿಗೆ ನೀನೇ ಬಟ್ಟೆ ತುರುಕಿದೀಯ, ಅದು ಹ್ಯಾಗೆ ಹೇಳುತ್ತೆ?” ಅಂದ. ಅದನ್ನು ತೆಗೆದು, ಫೈಲಿನ ಹೆಸರನ್ನೂ ತಪ್ಪನ್ನೂ ತೋರಿಸುವ ಹಾಗೆ ಬರೆದ ಕೂಡಲೇ ಉತ್ತರ ಬಂತು: ಇದು ಯಾವ ಚಿತ್ರವೋ ಗುರುತಾಗುತ್ತಿಲ್ಲ ಅಂತ. ಫೈಲ್ ಇದೆ, ಹೆಸರೂ ಸರಿ, ಒಳಗಿರುವುದು ಮಾತ್ರ ಜೆಪಿಜಿ ಅಲ್ಲ. ಸಾಗರದ ಬಸ್ಸಿಗೆ ಭದ್ರಾವತಿ ಬೋರ್ಡ್ ಹಾಕಿದರೆ ಅದು ಭದ್ರಾವತಿಗೆ ಹೋದೀತೇ? ಪೆನ್ ಡ್ರೈವಿನಲ್ಲಿದ್ದ ಆ ಫೈಲನ್ನು ಅಣ್ಣ ಒಳಗಿನಿಂದ ತೆರೆದು ತೋರಿಸಿದ. ನಿಜವಾದ ಜೆಪಿಜಿ ಫೈಲಿನ ಮೊದಲ ಎರಡು ಬೈಟ್ ಯಾವಾಗಲೂ ‘ಎಫ್‌ಎಫ್, ಡಿ8’. ನಮ್ಮದರಲ್ಲಿ ಬೇರೇನೋ ಇತ್ತು. 2017ರಿಂದ ಐಫೋನ್‌ಗಳು ಜಾಗ ಉಳಿಸಲು ಈ ಹೆಚ್‌ಇಐಸಿ ಬಗೆಯಲ್ಲಿ ಫೋಟೋ ಇಡುತ್ತವೆ. ನಮ್ಮ ಸ್ಕ್ರಿಪ್ಟ್ ಬಳಸುವ ಪಿಲ್ಲೊ ಅದನ್ನು ತಾನಾಗಿ ಓದಲಿಲ್ಲ. ನಾನು ಬದಲಿಸಿದ್ದು ಹೆಸರನ್ನಷ್ಟೇ, ಆದ್ದರಿಂದ ಫೋಟೋ ಹಾಳಾಗಿರಲಿಲ್ಲ. ಹಳೇ ಹೆಸರನ್ನೇ ಮತ್ತೆ ಕೊಟ್ಟು, ಅಣ್ಣ ಅದನ್ನು ನಿಜವಾಗಿಯೇ ಜೆಪಿಜಿಗೆ ಬದಲಿಸಿದ.

ಅಜ್ಜಿಯನ್ನು ಜಗಲಿಗೆ ಕರೆದು ಕೂರಿಸಿ, ಕರೆಂಟ್ ಹೋಗಿರಲಿಲ್ಲ ಅಂತ ಮೊದಲು ಹೇಳಿಬಿಟ್ಟೆ. “ಗೊತ್ತಿತ್ತು ಬಿಡು, ಫ್ಯಾನ್ ತಿರುಗ್ತಾ ಇತ್ತು” ಅಂದರು. ಕೀಲಿ ಒತ್ತಿದೆ. ಕಾರ್ಖಾನೆ ಆದ ಮೇಲೆ ಅಜ್ಜ ಬಂದರು. ಅಜ್ಜಿ ಕನ್ನಡಕ ಒರೆಸಿಕೊಂಡು ತುಂಬಾ ಹೊತ್ತು ನೋಡಿದರು.

“ಮೇಲಿನ ಗುಂಡಿ ಹಾಕ್ಕೊಂಡೇ ಇಲ್ಲ ನೋಡು” ಅಂದರು.

– ಹತ್ತನೇ ತರಗತಿಯ ವಿದ್ಯಾರ್ಥಿನಿ