ಹೊರೆ ಹೊತ್ತವರ ಶಿಖರ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಗೆ ಕಾರಕೋರಂ ಶ್ರೇಣಿಯ ಕೆ-೨ ಪರ್ವತಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ೧೮೫೬ರಲ್ಲಿ ಕಾಶ್ಮೀರದ ಹರಮುಖ ಪರ್ವತವನ್ನೇರಿ ಭೂಮಾಪನ ನಡೆಸುತ್ತಿದ್ದ ಮಾಂಟ್‌ಗಾಮರಿ ಎಂಬ ಅಧಿಕಾರಿಗೆ, ಇನ್ನೂರು ಕಿಲೋಮೀಟರುಗಳಿಗೂ ಆಚೆ ಎರಡು ಉನ್ನತ ಶೃಂಗಗಳು ಗೋಚರಿಸಿದವು. ಆತನು ಅವುಗಳಿಗೆ ಕೆ-೧, ಕೆ-೨ ಎಂದು ಗುರುತು ಹಾಕಿಕೊಂಡನು. ಮೊದಲನೆಯದು ಮಷರ್‌ಬ್ರುಮ್ ಎಂಬ ತನ್ನ ಸ್ಥಳೀಯ ನಾಮಧೇಯಕ್ಕೆ ಮರಳಿತು; ಎರಡನೆಯದು ಲೆಕ್ಕದ ಪುಸ್ತಕದ ಗುರುತಿನಿಂದಲೇ ಲೋಕಪ್ರಸಿದ್ಧವಾಯಿತು.

ಇದರ ಎತ್ತರ ೮,೬೧೧ ಮೀಟರು. ಎವರೆಸ್ಟಿಗಿಂತ ಸುಮಾರು ೨೩೮ ಮೀಟರು ತಗ್ಗು. ಆದರೆ ಏರುವವರ ಪಾಲಿಗೆ ಅದಕ್ಕಿಂತ ಎಷ್ಟೋ ಕಠಿಣ. ನಾಲ್ಕೂ ಕಡೆ ಕಡಿದಾದ ಬಂಡೆ ಮತ್ತು ಮಂಜುಗಡ್ಡೆ. ಎಂಟು ಸಾವಿರ ಮೀಟರಿನ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲೊಂದು ಭಾಗ ಮಾತ್ರ. ಅಲ್ಲಿ ಮನುಷ್ಯನ ದೇಹ ಗಳಿಗೆ ಗಳಿಗೆಗೂ ಕ್ಷೀಣಿಸುತ್ತದೆ.

ಇಂತಹ ಪರ್ವತದ ಮೇಲೆ ಯಾತ್ರೆ ಹೂಡುವುದೆಂದರೇನು? ಧೈರ್ಯದ ಮಾತು ಆಮೇಲೆ. ಮೊದಲು ಹಿಟ್ಟಿನ ಲೆಕ್ಕ. ಪಾಕಿಸ್ತಾನದ ಆಡಳಿತದಲ್ಲಿರುವ ಬಾಲ್ಟಿಸ್ತಾನದ ಸ್ಕರ್ದು ಪಟ್ಟಣದಿಂದ ಹೊರಟವರಿಗೆ ಕೊನೆಯ ಹಳ್ಳಿ ಅಸ್ಕೋಲೆ. ಅಲ್ಲಿಂದಾಚೆ, ಅರವತ್ತು ಕಿಲೋಮೀಟರಿಗೂ ಉದ್ದವಾದ ಬಾಲ್ಟೋರೋ ಹಿಮನದಿಯನ್ನು ಹಿಡಿದು, ಸುಮಾರು ಐದು ಸಾವಿರ ಮೀಟರು ಎತ್ತರದ ಮೂಲ ಶಿಬಿರದವರೆಗೆ ಒಂದು ಅಂಗಡಿಯಿಲ್ಲ, ಹೊಲವಿಲ್ಲ. ಹಿಮನದಿಯ ಮೇಲೆ ಉರಿಸಲು ಸೌದೆಯೂ ಇಲ್ಲ. ಎಲ್ಲವನ್ನೂ ಹೊತ್ತೇ ಹೋಗಬೇಕು. ಹೊರೆಯಾಳು ಇಪ್ಪತ್ತೈದು ಕಿಲೋಗ್ರಾಂ ಹೊರುತ್ತಾನೆ ಎನ್ನೋಣ. ದಿನಕ್ಕೆ ಒಂದು ಕಿಲೋ ಹಿಟ್ಟಿನಂತೆ ಹೋಗಲು ಎಂಟು ದಿನ, ಮರಳಲು ನಾಲ್ಕು ದಿನ ಹಿಡಿದರೂ, ಅವನ ಹೊಟ್ಟೆಗೇ ಹನ್ನೆರಡು ಕಿಲೋ ಬೇಕು. ಆದ್ದರಿಂದ ಸಾಮಾನು ಹೊರುವವರಿಗಾಗಿ ಹಿಟ್ಟು ಹೊರುವವರು, ಆ ಹಿಟ್ಟು ಹೊರುವವರಿಗಾಗಿ ಮತ್ತಷ್ಟು ಜನ! ಹೀಗೆ ಬೆಳೆಯುತ್ತದೆ ಸಾಲು. ೧೯೫೪ರಲ್ಲಿ ಭೂವಿಜ್ಞಾನಿ ಆರ್ದಿತೋ ದೇಸಿಯೋ ಅವರ ನಾಯಕತ್ವದಲ್ಲಿ ಬಂದ ಇಟಲಿಯ ತಂಡಕ್ಕೆ ಐದುನೂರಕ್ಕೂ ಹೆಚ್ಚು ಹೊರೆಯಾಳುಗಳು ಬೇಕಾದರು.

ಮೂಲ ಶಿಬಿರದಿಂದ ಮೇಲೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಒಂದರ ಮೇಲೊಂದು ಶಿಬಿರ ಕಟ್ಟಿ, ಹಗ್ಗ ಬಿಗಿದು, ಡೇರೆ, ಆಹಾರ, ಆಮ್ಲಜನಕಗಳನ್ನು ಸಾಗಿಸುತ್ತಾ ಹೋದಂತೆ ಹೊರುವವರ ಸಂಖ್ಯೆ ಇಳಿಯುತ್ತದೆ. ಕಡೆಗೆ ಉಳಿಯುವವರು ಇಬ್ಬರೋ ಮೂವರೋ. ಅವರ ಹೆಸರನ್ನು ಲೋಕವು ನೆನಪಿಡುತ್ತದೆ. ಉಳಿದವರ ಗತಿಯೇನು?

೧೯೩೯ರ ಅಮೆರಿಕದ ಯಾತ್ರೆಯಲ್ಲಿ ಡಡ್ಲಿ ವುಲ್ಫ್ ಎಂಬಾತ ಮೇಲಿನ ಶಿಬಿರವೊಂದರಲ್ಲಿ ಏಕಾಕಿಯಾಗಿ ಸಿಕ್ಕಿಬಿದ್ದನು. ಅವನನ್ನು ಕೆಳಗಿಳಿಸಲು ಹೊರಟ ಪಾಸಾಂಗ್ ಕಿಕುಲಿ, ಕಿತಾರ್, ಫಿನ್ಸೂ ಎಂಬ ಮೂವರು ಶೆರ್ಪಾಗಳು ಮರಳಿ ಬರಲೇ ಇಲ್ಲ.

೧೯೫೪ರ ಜುಲೈ ೩೦ರಂದು ನಡೆದದ್ದು ಇನ್ನೊಂದು ಬಗೆ. ಕೊನೆಯ ಶಿಬಿರದಲ್ಲಿದ್ದ ಕಂಪಾನ್ಯೋನಿ ಮತ್ತು ಲಾಚೆದೆಲ್ಲಿ ಅವರಿಗಾಗಿ ಆಮ್ಲಜನಕದ ಭಾರವಾದ ಸಿಲಿಂಡರುಗಳನ್ನು ಹೊತ್ತು ತಂದವರು ತರುಣ ವಾಲ್ತೇರ್ ಬೊನಾತ್ತಿ ಮತ್ತು ಹುಂಜಾ ಸೀಮೆಯ ಅಮೀರ್ ಮಹ್ದಿ. ಆದರೆ ಡೇರೆ ಗೊತ್ತುಮಾಡಿದ ಜಾಗಕ್ಕಿಂತ ಮೇಲಿತ್ತು, ಇವರಿಗೆ ಕಾಣಲಿಲ್ಲ. ಕತ್ತಲಾಯಿತು. ಸುಮಾರು ೮,೧೦೦ ಮೀಟರಿನ ಎತ್ತರದಲ್ಲಿ, ಡೇರೆಯಿಲ್ಲದೆ, ಹೊದೆಯಲು ಏನೂ ಇಲ್ಲದೆ, ಹಿಮದಲ್ಲಿ ಕೊರೆದ ಚಿಕ್ಕ ಕಟ್ಟೆಯ ಮೇಲೆ ಇಬ್ಬರೂ ಇರುಳು ಕಳೆದರು. ಮರುದಿನ ಆ ಸಿಲಿಂಡರುಗಳನ್ನೇ ಬೆನ್ನಿಗೇರಿಸಿಕೊಂಡು ಮೇಲಿನ ಇಬ್ಬರು ಶಿಖರವನ್ನು ಮುಟ್ಟಿದರು, ಇಟಲಿಯೆಲ್ಲ ಉತ್ಸವವಾಯಿತು. ಮಹ್ದಿಯ ಕಾಲ್ಬೆರಳುಗಳು ಹಿಮಕಡಿತಕ್ಕೆ ಬಲಿಯಾದವು. ಬೊನಾತ್ತಿಯ ಮೇಲೆ ಅಪವಾದವೂ ಬಂತು. ಅದು ನಿರಾಧಾರವೆಂದು ಇಟಲಿಯ ಆಲ್ಪೈನ್ ಕ್ಲಬ್ಬು ಒಪ್ಪಿಕೊಳ್ಳುವ ವೇಳೆಗೆ ಅರ್ಧ ಶತಮಾನ ಉರುಳಿತ್ತು, ಮಹ್ದಿ ಈ ಲೋಕದಲ್ಲಿರಲಿಲ್ಲ.

ಕೆ-೨ರ ಶಿಖರವನ್ನು ಚಳಿಗಾಲದಲ್ಲಿ ಮೊದಲು ಮುಟ್ಟಿದವರು ಮಾತ್ರ ಹೊರೆ ಹೊರುವವರ ಕುಲದವರೇ. ೨೦೨೧ರ ಜನವರಿ ೧೬ರಂದು ನೇಪಾಳದ ಹತ್ತು ಮಂದಿ ಮೇಲೇರಿದರು. ಅವರಲ್ಲಿ ಒಂಬತ್ತು ಮಂದಿ ಶೆರ್ಪಾಗಳು. ಶಿಖರಕ್ಕೆ ಕೆಲವೇ ಮೀಟರು ಇರುವಾಗ ಮುಂದಿದ್ದವರು ನಿಂತರು. ಹಿಂದಿನವರು ಬಂದು ಕೂಡಿಕೊಂಡ ಮೇಲೆ ಹತ್ತೂ ಜನ ತಮ್ಮ ರಾಷ್ಟ್ರಗೀತೆಯನ್ನು ಹಾಡುತ್ತಾ ಒಟ್ಟಿಗೆ ಹೆಜ್ಜೆಯಿಟ್ಟರು. ಮೊದಲಿಗನಾರು ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇರಲಿಲ್ಲ.

ಇಷ್ಟಾದ ಮೇಲೂ ೨೦೨೩ರ ಜುಲೈಯಲ್ಲಿ, ಶಿಖರಕ್ಕೆ ಸಮೀಪದ ಇಕ್ಕಟ್ಟಿನ ಹಾದಿಯಲ್ಲಿ ಬಿದ್ದ ಪಾಕಿಸ್ತಾನದ ಹೊರೆಯಾಳೊಬ್ಬನು ಅಲ್ಲಿಯೇ ಪ್ರಾಣ ಬಿಟ್ಟನು. ನೆರವಾಗಲು ಯತ್ನಿಸಿದವರು ಇದ್ದರು. ಅವನನ್ನು ದಾಟಿ ಶಿಖರಕ್ಕೆ ನಡೆದವರೂ ಬಹುಮಂದಿ ಇದ್ದರು.

ಮುಂದೆ ಎಂದಾದರೂ ಹಿಮಶಿಖರದ ಮೇಲೆ ಧ್ವಜ ಹಿಡಿದು ನಿಂತವರ ಚಿತ್ರವನ್ನು ಕಂಡಾಗ, ವಾಚಕರು ಒಂದು ಕ್ಷಣ ಆ ಚಿತ್ರದ ಕೆಳಗಿನ ದಾರಿಯನ್ನೂ ನೆನೆಯಬೇಕು. ಅಲ್ಲಿ, ಅಸ್ಕೋಲೆಯಿಂದ ಎಂಟು ದಿನದ ಹಾದಿಯಲ್ಲಿ, ತನ್ನ ಹಿಟ್ಟನ್ನೂ ಪರರ ಡೇರೆಯನ್ನೂ ಬೆನ್ನ ಮೇಲೆ ಹೊತ್ತವನೊಬ್ಬನು ಹಿಮನದಿಯ ಕಲ್ಲುಗಳ ಮೇಲೆ ಹೆಜ್ಜೆ ನೋಡಿಕೊಂಡು ನಡೆಯುತ್ತಿರುತ್ತಾನೆ.