ಡರ್ಹಮ್‌ನ ಕಾಮನ್ ರೂಮ್: ಬೀಗದ ಕೈ ವಿದ್ಯಾರ್ಥಿಗಳ ಹತ್ತಿರವೇ!

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ರೈಲು ಹತ್ತಿ ಉತ್ತರಕ್ಕೆ ಸುಮಾರು ಮೂರು ಗಂಟೆ ಹೋದರೆ ಡರ್ಹಮ್ ಸಿಗುತ್ತೆ. ಊರಿನವರು ಹಕಾರ ನುಂಗಿ ‘ಡರಮ್’ ಅಂತಾರೆ. ಸ್ಟೇಷನ್ ಬರುವ ಮುಂಚೆ ರೈಲು ಎತ್ತರದ ಕಲ್ಲಿನ ಸೇತುವೆ ದಾಟುತ್ತೆ. ಆಗ ಕಿಟಕಿಯಾಚೆ ಗುಡ್ಡದ ಮೇಲೆ ದೊಡ್ಡ ಕೆಥೆಡ್ರಲ್, ಪಕ್ಕದಲ್ಲೇ ಕೋಟೆ. ವಿಯರ್ ನದಿ ಆ ಗುಡ್ಡವನ್ನು ಮೂರು ಕಡೆ ಸುತ್ತಿಕೊಂಡಿದೆ. 1986ರಲ್ಲೇ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಫೋಟೋಗೆ ಹೇಳಿ ಮಾಡಿಸಿದ ಊರು.

ಆದರೆ ಒಂದು ವರ್ಷ ಎಂಎಸ್ಸಿ ಓದಿ ಬಂದ ನನಗೆ ಡರ್ಹಮ್ ಅಂದ್ರೆ ನೆನಪಾಗೋದು ಕೋಟೆಯಲ್ಲ. ಹಳೇ ಸೋಫಾ, ಟೋಸ್ಟರ್, ಗೋಡೆಗೆ ಹೊಡೆದ ಕೊಕ್ಕೆಗಳಲ್ಲಿ ತೂಗುವ ಮಗ್ಗುಗಳು. ಅದು ನಮ್ಮ ಕಾಮನ್ ರೂಮ್.

ಮೊದಲು ಈ ಪದ್ಧತಿ ಹೇಳ್ತೀನಿ. ಡರ್ಹಮ್ ವಿಶ್ವವಿದ್ಯಾಲಯ ಶುರುವಾಗಿದ್ದು 1832ರಲ್ಲಿ. ಅಲ್ಲಿ ‘ಕಾಲೇಜು’ ಅಂದ್ರೆ ಪಾಠದ ಜಾಗ ಅಲ್ಲ, ಇರುವ ಜಾಗ. ಅಂಥವು 17 ಇವೆ. ಒಂದು ಕಾಲೇಜಂತೂ ಕೋಟೆಯೊಳಗೇ ಇದೆ! ಹ್ಯಾಟ್‌ಫೀಲ್ಡ್ ಅನ್ನೋ ಕಾಲೇಜು 1846ರಲ್ಲಿ ಒಂದು ಹೊಸ ಪ್ರಯೋಗ ಮಾಡಿತು. ಮಂಚ-ಮೇಜು ಇರುವ ಕೋಣೆ ಬಾಡಿಗೆಗೆ, ಎಲ್ಲರಿಗೂ ಒಟ್ಟಿಗೆ ಊಟ, ಖರ್ಚು ಎಷ್ಟಂತ ಮೊದಲೇ ನಿಗದಿ. ಬಡ ವಿದ್ಯಾರ್ಥಿಗಳೂ ಓದೋಕೆ ಆಗಲಿ ಅನ್ನೋದು ಉದ್ದೇಶ. ಇವತ್ತಿನ ನಮ್ಮ ಹಾಸ್ಟೆಲ್‌ಗಳಿಗೆ ಅದನ್ನು ಮುತ್ತಜ್ಜ ಅನ್ನಬಹುದು.

ಹೆಚ್ಚಿನ ಕಾಲೇಜುಗಳಲ್ಲಿ ಪದವಿ ವಿದ್ಯಾರ್ಥಿಗಳಿಗೆ ಜೂನಿಯರ್ ಕಾಮನ್ ರೂಮ್, ಅಂದ್ರೆ ಜೆಸಿಆರ್. ಸ್ನಾತಕೋತ್ತರದವರಿಗೆ ಸಾಮಾನ್ಯವಾಗಿ ಮಿಡಲ್ ಕಾಮನ್ ರೂಮ್, ಅಂದ್ರೆ ಎಂಸಿಆರ್. ತಮಾಷೆ ಏನಂದ್ರೆ, ಈ ಹೆಸರು ಬರೀ ಕೋಣೆಯದ್ದಲ್ಲ, ಅದನ್ನು ನಡೆಸುವ ವಿದ್ಯಾರ್ಥಿಗಳ ಸಂಘದ್ದೂ ಹೌದು. ಅಧ್ಯಕ್ಷರು, ಖಜಾಂಚಿ, ಕ್ಷೇಮ ನೋಡಿಕೊಳ್ಳುವ ವೆಲ್ಫೇರ್ ಆಫೀಸರ್, ಸಾಮಾನ್ಯವಾಗಿ ಎಲ್ಲರೂ ವಿದ್ಯಾರ್ಥಿಗಳೇ, ಚುನಾವಣೆಯಲ್ಲಿ ಗೆದ್ದು ಬಂದವರೇ.

ಬ್ಯಾಲೆಟ್‌ನಲ್ಲಿ ‘ರಾನ್’ ಅಂತ ಒಬ್ಬ ಅಭ್ಯರ್ಥಿ ಕಾಯಂ ಇರ್ತಾನೆ. ಯಾರಪ್ಪಾ ಇವನು, ಪ್ರತಿ ಸಲ ನಿಲ್ತಾನಲ್ಲ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ‘ನಾಮಪತ್ರ ಮತ್ತೆ ಕರೆಯಿರಿ’ ಅನ್ನೋದರ ಇಂಗ್ಲಿಷ್ ಚುಟುಕು ಅದು. ನಮ್ಮಲ್ಲಿ 2013ರಲ್ಲಿ ಬಂದ ನೋಟಾದ ಅಣ್ಣ ಅನ್ನಿ. ಆದರೆ ರಾನ್ ಗೆದ್ದರೆ ಚುನಾವಣೆ ಮತ್ತೆ ನಡೆಸಲೇಬೇಕು.

ನಮ್ಮ ಎಂಸಿಆರ್ ಮೀಟಿಂಗ್‌ನಲ್ಲಿ ನಾನೂ ಒಂದು ಠರಾವು ಮಂಡಿಸಿದೆ: ಅಡುಗೆಮನೆಗೆ ಪ್ರೆಶರ್ ಕುಕ್ಕರ್ ಬೇಕು. ಮೊದಲ ಸಲ ಕೋರಂ ಇಲ್ಲ ಅಂತ ಮುಂದಕ್ಕೆ ಹೋಯ್ತು. ಎರಡನೇ ಸಲ ಅರ್ಧ ಗಂಟೆ ಚರ್ಚೆ. ಕೊನೆಗೆ ಪಾಸಾಯ್ತು, ಒಂದು ಷರತ್ತಿನ ಮೇಲೆ: ಎಲ್ಲರಿಗೂ ಬಳಸೋದು ನಾನೇ ಕಲಿಸಬೇಕು. ಮೊದಲ ವಿಶಲ್‌ಗೆ ಇಬ್ಬರು ಕಾರಿಡಾರ್‌ಗೆ ಓಡಿದರು. ಬೇಳೆ ಸಾರು ಮಾತ್ರ ಒಂದು ಸೌಟೂ ಉಳಿಯಲಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ಇಂಜಿನಿಯರಿಂಗ್ ಓದುವಾಗ ನಾನಿದ್ದದ್ದು ಉತ್ತರ ಕರ್ನಾಟಕದ ಒಂದು ಹಾಸ್ಟೆಲ್‌ನಲ್ಲಿ. ಅಲ್ಲೂ ವಿದ್ಯಾರ್ಥಿಗಳ ಆಡಳಿತ ಇತ್ತು, ಆದರೆ ಮೆಸ್‌ಗೆ ಮಾತ್ರ. ತಿಂಗಳಿಗೊಬ್ಬ ಮೆಸ್ ಸೆಕ್ರೆಟರಿ, ಬೆಳಗ್ಗೆ ಎದ್ದು ಸಂತೆಗೆ ಹೋಗೋದು, ಕೊನೆಗೆ ಖರ್ಚನ್ನು ಊಟ ಮಾಡಿದವರ ಮೇಲೆ ಭಾಗಿಸೋದು. ಡಿವೈಡಿಂಗ್ ಸಿಸ್ಟಮ್ ಅಂದ್ರೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. ಟಿವಿ ರೂಮ್ ಇತ್ತು, ಅದರ ಕೀಲಿ ವಾರ್ಡನ್ ಹತ್ತಿರ. ಕ್ರಿಕೆಟ್ ಇದ್ದಾಗ ತೆಗೀತಿದ್ರು.

ನಾನು ಸೆಕ್ರೆಟರಿ ಆಗಿದ್ದ ತಿಂಗಳು ಲೆಕ್ಕ ಹಾಕ್ತಾ ಕೂತಿದ್ದೆ. ನನ್ನ ಕೋಣೆಯಿಂದ ಮೂರನೇ ಬಾಗಿಲಿನ ಹುಡುಗನ ಹೆಸರಿನ ಮುಂದೆ ಹದಿನಾರು ದಿನ ಖಾಲಿ. ವಿಚಾರಿಸಿದ್ರೆ, ಎರಡು ವಾರದ ಹಿಂದೆಯೇ ಓದು ಬಿಟ್ಟು ಊರಿಗೆ ಹೋಗಿದ್ದನಂತೆ. ಪಾಪ ಅಂದೆ. ಆಮೇಲೆ ಅವನ ಹೆಸರಿಗೆ ಗೆರೆ ಎಳೆದು ಬಿಲ್ ಭಾಗಿಸಿದೆ. ಅಷ್ಟೇ.

ಡರ್ಹಮ್‌ನಲ್ಲಿ ನವೆಂಬರ್ ಕೊನೆಗೆ ಸಂಜೆ ನಾಲ್ಕಕ್ಕೇ ಕತ್ತಲು. ಒಂದು ಅಸೈನ್‌ಮೆಂಟ್ ಕೆಟ್ಟಿತ್ತು, ಜೊತೆಗೆ ಜ್ವರ. ಮನೆಗೆ ಫೋನ್ ಮಾಡಿ ‘ಆರಾಮಿದೀನಿ’ ಅಂತ ಸುಳ್ಳು ಹೇಳಿ ಮಲಗಿಬಿಟ್ಟೆ. ವಾಪಸ್ ಹೋಗೋ ಟಿಕೆಟ್ ದರವನ್ನೂ ನೋಡಿದ್ದೆ. ನಾಲ್ಕನೇ ದಿನ ಬಾಗಿಲು ಬಡಿದ ಸದ್ದು. ನಮ್ಮ ವೆಲ್ಫೇರ್ ಆಫೀಸರ್, ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ, ಕೈಯಲ್ಲಿ ಚೀಸ್ ಟೋಸ್ಟಿ. ‘ನಿನ್ನ ಮಗ್ಗು ನಾಲ್ಕು ದಿನದಿಂದ ಕೊಕ್ಕೆ ಬಿಟ್ಟು ಇಳಿದಿಲ್ಲ, ಅದಕ್ಕೇ ಬಂದೆ’ ಅಂದಳು.

ಉಪದೇಶ ಇಲ್ಲ, ಕೌನ್ಸೆಲಿಂಗ್ ಇಲ್ಲ. ಹತ್ತು ನಿಮಿಷ ಕೂತಳು, ಡಾಕ್ಟರ್ ಅಪಾಯಿಂಟ್‌ಮೆಂಟ್ ಹೇಗೆ ತಗೋಬೇಕು ಅಂತ ತೋರಿಸಿದಳು, ಹೋದಳು. ಅವಳೇನೂ ನನ್ನ ಆಪ್ತ ಗೆಳತಿಯಲ್ಲ. ಯಾರು ಕಾಣ್ತಿಲ್ಲ ಅಂತ ನೋಡೋದು ಆ ವರ್ಷ ಅವಳ ಕೆಲಸ. ಆ ಕೆಲಸಕ್ಕೆ ಅವಳನ್ನು ಆರಿಸಿದವರಲ್ಲಿ ನಾವೂ ಇದ್ವಿ. ಆವತ್ತು ರಾತ್ರಿ ಆ ಮೂರನೇ ಬಾಗಿಲು ನೆನಪಾಯ್ತು. ನಮ್ಮ ಹಾಸ್ಟೆಲ್‌ನಲ್ಲಿ ಈರುಳ್ಳಿ ಲೆಕ್ಕಕ್ಕೆ ಸೆಕ್ರೆಟರಿ ಇದ್ದ, ಹುಡುಗರ ಲೆಕ್ಕಕ್ಕೆ ಯಾರೂ ಇರಲಿಲ್ಲ.

ಈಗ ಬೆಂಗಳೂರಿನಲ್ಲಿ ಪಿಜಿ ವಾಸ. ‘ಕಾಮನ್ ಏರಿಯಾ’ ಅಂತ ಒಂದು ಜಾಗ ಇದೆ: ಟಿವಿ, ಶೂ ರ‍್ಯಾಕ್, ಡೆಲಿವರಿ ಪಾರ್ಸಲ್‌ಗಳು. ಪಕ್ಕದ ರೂಮಿನವರ ಹೆಸರನ್ನು ನಾನು ಓದಿದ್ದೇ ಪಾರ್ಸಲ್ ಮೇಲೆ.

ಕಳೆದ ತಿಂಗಳು ಹಳೇ ಗ್ರೂಪ್‌ನಲ್ಲಿ ಹುಡುಕಿ ಆ ಹುಡುಗನ ನಂಬರ್ ಹಿಡಿದೆ. ಈಗ ಊರಲ್ಲೇ ಸೋಲಾರ್ ಪಂಪ್ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿದ್ದಾನೆ. ಡರ್ಹಮ್ ಕಥೆ ಎಲ್ಲಾ ಹೇಳಿ, ‘ಆವತ್ತು ಯಾರಾದ್ರೂ ನಿನ್ನ ಬಾಗಿಲು ಬಡೀಬೇಕಿತ್ತು ಮಾರಾಯ’ ಅಂದೆ.

ಅವನು ನಕ್ಕ. ‘ಯಾರಾದ್ರೂ ಯಾಕಪಾ, ನೀನೇ ಇದ್ದೆಲ್ಲ ಮೂರು ಬಾಗಿಲು ಆಚೆ’ ಅಂದ.

ಈ ಬರಹ ಕಳಿಸಿದ ಮೇಲೆ ಪಕ್ಕದ ರೂಮಿನ ಪಾರ್ಸಲ್ ಒಂದು ಕೆಳಗೆ ಎರಡು ದಿನದಿಂದ ಬಿದ್ದಿದೆ, ಅದನ್ನು ತಗೊಂಡು ಹೋಗಿ ಕೊಡಬೇಕು.